ಹನ್ನೆರಡನೆಯ ಹೆಸರು

ಮೇ ೯

ಇವತ್ತು ನಾನು ಏನನ್ನೂ ಆರಿಸಲಿಲ್ಲ. ಆದರೂ ನನ್ನ ಹೆಸರು ಒಂದು ಪಟ್ಟಿಗೆ ಸೇರಿಬಿಟ್ಟಿದೆ.

ಕೊನೆಯ ವರ್ಷಕ್ಕೆ ಹೋಗುವ ನಮ್ಮ ಮುಂದೆ ಶಾಲೆಯವರು ಎರಡು ದಾರಿ ಇಟ್ಟಿದ್ದಾರೆ. ಒಂದು, ಯಾವಾಗಲೂ ಇರುವ ಸಾದಾ ಗಣಿತ. ಇನ್ನೊಂದು ಎ.ಪಿ., ಅಂದರೆ ಶಾಲೆಯಲ್ಲಿದ್ದುಕೊಂಡೇ ಕಾಲೇಜಿನ ಗಣಿತ ಓದುವುದು. ಮುಂದಿನ ಮೇ ತಿಂಗಳಲ್ಲಿ ಪರೀಕ್ಷೆ. ಐದಕ್ಕೆ ಮೂರು ಬಂದರೆ ಪಾಸು. ಕಾಲೇಜಿಗೆ ಹೋದಾಗ ಆ ಪಾಠ ಮುಗಿದಂತೆಯೇ. ನಮ್ಮ ಶಾಲೆಯಲ್ಲಿ ಇದು ಮೊದಲ ಸಲ. ಹನ್ನೆರಡು ಜನ ಸೇರಿದರೆ ಮಾತ್ರ ತರಗತಿ ನಡೆಯುತ್ತದೆ.

ಪೆನಿತಿಲಾ ಮೇಷ್ಟ್ರು ಪಟ್ಟಿ ಹಿಡಿದು ಬಂದರು. ಅವರು ಬರೀ ಮೇಷ್ಟ್ರಲ್ಲ, ತಮ್ಮ ಊರಿನ ಮಾತುಗಾರ ಮುಖಂಡರು. ಸಭೆಯಲ್ಲಿ ಅವರು ಕೋಲೂರಿ ಎದ್ದು ನಿಂತರೆ ಅಳುವ ಕೂಸೂ ಬಾಯಿ ಮುಚ್ಚುತ್ತದಂತೆ. ಹನ್ನೊಂದು ಹೆಸರು ಆಗಿತ್ತು. "ಇನ್ನೊಬ್ಬರು?" ಎನ್ನುತ್ತ ನನ್ನ ಮೇಜಿನ ಮುಂದೆಯೇ ನಿಂತರು. ನನಗೆ ಬೇಡವಾಗಿತ್ತು. ಸಾದಾ ತರಗತಿಯಲ್ಲಿ ನಾನೇ ಮೊದಲು. ಹೊಸದರಲ್ಲಿ ಯಾರಿಗೆ ಗೊತ್ತು? ಆದರೆ ದೊಡ್ಡವರ ಮುಖ ನೋಡಿ ಬೇಡ ಎನ್ನುವ ನಾಲಿಗೆ ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಗಾಬರಿಗೆ ನನ್ನ ಹುಬ್ಬು ಮೇಲೇರಿತು. ನಮ್ಮಲ್ಲಿ ಹುಬ್ಬೇರಿಸಿದರೆ ಹೌದು ಎಂದೇ ಲೆಕ್ಕ. ಮೇಷ್ಟ್ರು ಪೆನ್ನು ಕೊಟ್ಟರು.

ಹಿಂದಿನ ಬೆಂಚಿನಿಂದ ಆಪೆಲು ಪಿಸುಗುಟ್ಟಿದ: "ಬಲೆ ಎಳೀರಪ್ಪ, ಕೊನೇ ಮೀನೂ ಬಿತ್ತು." ಅವನದು ಐದನೆಯ ಹೆಸರು. ಫುಟ್‌ಬಾಲ್ ತಂಡದಲ್ಲಿ ಅವನಿಗಿಂತ ದಪ್ಪ ಇನ್ನೊಬ್ಬನಿಲ್ಲ. ಅವನು ಯಾಕೆ ಸೇರಿದನೆಂದು ಅವನಿಗೇ ಗೊತ್ತಿಲ್ಲವಂತೆ.

ಮೇ ೧೩, ಭಾನುವಾರ

ಚರ್ಚು ಮುಗಿದು, ಕಲ್ಲೊಲೆಯಿಂದ ತೆಗೆದ ಜೀಗುಜ್ಜೆ, ತೆಂಗಿನಹಾಲಿನ ಕೆಸುವಿನೆಲೆ ಎಲ್ಲ ಉಂಡಾದ ಮೇಲೆ ನನ್ನ ವಿಷಯ ಬಂತು. ನಮ್ಮ ಮನೆತನಕ್ಕೆ ದೊಡ್ಡಮಾವನೇ ಯಜಮಾನ. ಅವನು ಹೇಳಿದ್ದೇ ಆಗುವುದು.

"ಸಾದಾದಲ್ಲಿದ್ರೆ ಬಹುಮಾನದ ದಿನ ನಮ್ಮ ಮನೆ ಹೆಸರು ಮೊದಲು ಕೂಗ್ತಿದ್ರು. ಇದ್ಯಾವುದೋ ಗಾಳಿಗೆ ಮುಖ ಕೊಟ್ಟು ದೋಣಿ ಬಿಡೋ ಕೆಲಸ," ಎಂದ.

"ಮೇಷ್ಟ್ರಿಗೆ ಮಾತು ಕೊಟ್ಟಾಗಿದೆಯಲ್ಲೋ. ಕೊಟ್ಟ ಮಾತು ವಾಪಸ್ ತಗೊಳ್ಳೋದು ಯಾವ ಮನೆ ಪದ್ಧತಿ?" ಅಂದಳು ಅಜ್ಜಿ.

ಹೀಗೇ ಒಂದು ಗಂಟೆ ನಡೆಯಿತು. ನಾನು ಎಲ್ಲರಿಗೂ ಕೋಕೋ ಬಗ್ಗಿಸಿ ಕೊಟ್ಟೆ. ಕೊನೆಗೆ ಮಾವ ನನ್ನ ಕಡೆ ತಿರುಗಿದ.

"ಸರಿ, ಓದು. ಆದರೆ ಕೇಳು ಹುಡುಗಿ, ಫೇಲಾದ್ರೆ ಕಾಲೇಜಿನ ಮಾತು ಎತ್ತಕೂಡ್ದು. ಮೀನಿನ ಕಾರ್ಖಾನೇಲಿ ನಿಮ್ಮಮ್ಮನ ಪಕ್ಕದಲ್ಲೇ ಜಾಗ ಖಾಲಿ ಇದೆ."

ಹೂಂ ಅಂದೆ.

ಆಗಸ್ಟ್ ೨೦

ಮೊದಲ ದಿನ. ಗೋಡೆ ತುಂಬ ಒಂದು ಪಟ. ಈ ವರ್ಷ ಬೇಕಾಗುವ ಸೂತ್ರಗಳನ್ನೆಲ್ಲ ಮೇಷ್ಟ್ರು ರಜೆಯಲ್ಲಿ ಕೂತು ಕುಂಚದಿಂದ ಬರೆದಿದ್ದಾರೆ. ಸುತ್ತ ಆಮೆ, ಚುಕ್ಕಿ, ಅಲೆಗಳ ಅಂಚು. ನೋಡಲು ಚರ್ಚಿನ ಬಾಗಿಲಿನಷ್ಟು ಚೆಂದ. ಪ್ರಿನ್ಸಿಪಾಲರು ಬಂದು ನೋಡಿ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ಪಾಠ ಅರ್ಥವಾಗಲಿಲ್ಲ. "ಅರ್ಥ ಆಯ್ತಾ?" ಎಂದು ಕೇಳಿದಾಗ ಹನ್ನೆರಡು ಜೊತೆ ಹುಬ್ಬು ಮೇಲೇರಿದವು.

ಸೆಪ್ಟೆಂಬರ್ ೬

ಬಸ್ಸಿನಲ್ಲಿ ಆಪೆಲು ಪುಸ್ತಕ ತೆರೆದು ನನ್ನ ಮೂಗಿನ ಕೆಳಗೆ ಹಿಡಿದ.

"ಇಲ್ಲಿ ನೋಡೇ. ಕೊಸೈನ್‌ನ ನಿಷ್ಪನ್ನ ಏನು?"

"ಮೈನಸ್ ಸೈನ್."

"ಮೇಷ್ಟ್ರ ಪಟದಲ್ಲಿ?"

ನಾನು ಕಿಟಕಿಯಾಚೆ ನೋಡಿದೆ. ಪಟದಲ್ಲಿ ಬರೀ ಸೈನ್ ಇದೆ. ಮೈನಸ್ ಗೀಟು ಇಲ್ಲ. ನಾನು ಹೋದ ವಾರವೇ ನೋಡಿದ್ದೆ. ಎಲ್ಲರೂ ನೋಡಿದ್ದಾರೆಂದು ಈಗ ಆಪೆಲುವಿನಿಂದ ಗೊತ್ತಾಯಿತು. ಪುಸ್ತಕದ ಹಿಂದಿನ ಉತ್ತರಗಳೂ ನಮ್ಮವೂ ಉಲ್ಟಾ ಬರುತ್ತಿರುವುದು ಅದಕ್ಕೇ. "ಅಚ್ಚಿನವರ ತಪ್ಪು" ಎಂದು ಮೇಷ್ಟ್ರು ಪುಸ್ತಕದ ಮೇಲೆ ಕೋಪ ಮಾಡಿಕೊಳ್ಳುತ್ತಾರೆ. ನಾವು ಹುಬ್ಬೇರಿಸುತ್ತೇವೆ.

"ಭೂಮಧ್ಯರೇಖೆಯಿಂದ ಈ ಕಡೆ ಮೈನಸ್ ಬೇಕಾಗಲ್ವೇನೋ," ಅಂದ ಆಪೆಲು.

"ನೀನೇ ಹೇಳು ಅವರಿಗೆ."

"ನಾನಾ? ನಮ್ಮಪ್ಪನಿಗೆ ಗೊತ್ತಾದ್ರೆ ನನ್ನನ್ನೇ ಮೈನಸ್ ಮಾಡ್ತಾನೆ."

ಒಬ್ಬ ಮುಖಂಡರನ್ನು, ಅದೂ ಅರವತ್ತು ದಾಟಿದವರನ್ನು, ಎಲ್ಲರೆದುರು ತಿದ್ದುವುದೆಂದರೆ ಅವರ ಪಂಚೆ ಎಳೆದಂತೆ. ಯಾರೂ ಹೇಳುವುದಿಲ್ಲ.

ಅಕ್ಟೋಬರ್ ೩

ಯಾರೂ ಹೇಳಿಲ್ಲ.

ನವೆಂಬರ್ ೧೩

ಮಾದರಿ ಪರೀಕ್ಷೆ. ಉತ್ತರಪತ್ರಿಕೆಗಳನ್ನು ನಮ್ಮೆದುರೇ ಲಕೋಟೆಗೆ ಹಾಕಿ, ಅರಗು ಒತ್ತಿ, ಹೊನೊಲುಲುವಿನ ಒಬ್ಬ ಪರೀಕ್ಷಕರಿಗೆ ಕಳಿಸಿದರು.

ಮೂರನೆಯ ಪ್ರಶ್ನೆ ಭರತ–ಇಳಿತದ್ದು. ನೀರಿನ ಎತ್ತರ ಕೊಸೈನ್ ಪ್ರಕಾರ ಬದಲಾಗುತ್ತದೆ. ಅದರ ನಿಷ್ಪನ್ನವೇ ವೇಗ, ಮೈನಸ್ ಬಂದರೆ ಇಳಿತ. ತುಂಬು ಭರತದ ಒಂದು ಗಂಟೆಯ ನಂತರ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ವೇಗದಲ್ಲಿ? ಇಳಿಯುತ್ತಿರುತ್ತದೆ ಎಂದು ಇಲ್ಲಿಯ ಕೋಳಿಮರಿಗೂ ಗೊತ್ತು. ನನ್ನ ಕೈ ಮೈನಸ್ ಹಾಕಲು ಹೋಯಿತು. ಆಮೇಲೆ ಯೋಚಿಸಿದೆ: ಉಳಿದ ಹನ್ನೊಂದು ಜನ ಮೇಷ್ಟ್ರ ಪ್ರಕಾರ ಬರೆದು, ನಾನೊಬ್ಬಳು ಪುಸ್ತಕದ ಪ್ರಕಾರ ಬರೆದರೆ? ಮೇಷ್ಟ್ರನ್ನು ಹೊರಗಿನವರ ಮುಂದೆ ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ? ನೀರು ಏರುತ್ತಿದೆ ಎಂದು ಬರೆದೆ.

ಡಿಸೆಂಬರ್ ೪

ಅನಾಹುತ ಆಗಿದೆ.

ಹೊನೊಲುಲುವಿನಿಂದ ಕಾಗದ ಬಂತು. "ಸಮುದ್ರದ ದಂಡೆಯಲ್ಲೇ ಹುಟ್ಟಿದ ಹನ್ನೆರಡು ಮಕ್ಕಳು, ಹನ್ನೆರಡೂ ಜನ, ಭರತದ ನಂತರ ನೀರು ಏರುತ್ತದೆ ಎಂದು ಬರೆದಿದ್ದಾರೆ. ಒಬ್ಬರದನ್ನೊಬ್ಬರು ನಕಲು ಮಾಡದೆ ಇದು ಸಾಧ್ಯವಿಲ್ಲ" ಎಂದಿದೆಯಂತೆ, ಕಚೇರಿಯ ಗುಮಾಸ್ತೆ ಕದ್ದು ಓದಿ ನಮಗೆ ಹೇಳಿದಳು.

ಪ್ರಿನ್ಸಿಪಾಲರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕಾಗದವನ್ನು ಮೇಷ್ಟ್ರಿಗೂ ತೋರಿಸಿಲ್ಲ, ನಕಲಿನ ಆರೋಪವಷ್ಟೇ ಹೇಳಿದ್ದಾರೆ. ಮೇಷ್ಟ್ರು ಕಿಟಕಿಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತಿದ್ದರು.

"ಯಾರು ಯಾರನ್ನ ನೋಡಿ ಬರೆದ್ರಿ?"

ಪ್ರಿನ್ಸಿಪಾಲರು ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಮುಖ ನೋಡಿದರು.

"ಸರಿ. ಸೋಮವಾರದೊಳಗೆ ನಕಲು ಮಾಡಿದ್ದು ನಿಜ ಅಂತ ಸಹಿ ಹಾಕಿ ಸಾದಾ ತರಗತಿಗೆ ಹೋಗೋರು ಹೋಗಬಹುದು. ಅಲ್ಲಿಗೆ ಮುಗೀತು, ಯಾರ ಮನೆಗೂ ಹೇಳಲ್ಲ. ಎ.ಪಿ. ಅನ್ನೋದು ಈ ಶಾಲೇಲಿ ಇನ್ನಿರಲ್ಲ."

ಡಿಸೆಂಬರ್ ೫

ಮಧ್ಯಾಹ್ನ ಹನ್ನೆರಡೂ ಜನ ಮಾವಿನ ಮರದ ಕೆಳಗೆ ಸೇರಿದೆವು. ಸಹಿ ಹಾಕಿಬಿಡೋಣ ಎಂದರು ಎಲ್ಲರೂ. ಕಳ್ಳರು ಅನ್ನಿಸಿಕೊಂಡರೂ ಪರವಾಗಿಲ್ಲ, ಮೇಷ್ಟ್ರ ಮರ್ಯಾದೆ ಉಳಿಯುತ್ತದೆ.

ನಾನು ಲೆಕ್ಕ ಹಾಕಿ ನೋಡಿದೆ. ಸಹಿ ಹಾಕಿದರೆ ನಾನು ಮತ್ತೆ ಸಾದಾ ತರಗತಿಯಲ್ಲಿ ಮೊದಲು. ಬಹುಮಾನ ಬರುತ್ತದೆ, ಮಾವ ಹಿಗ್ಗುತ್ತಾನೆ. ಮೇ ತಿಂಗಳಲ್ಲಿ ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ?

ಆದರೆ ಒಂದು ವಿಚಿತ್ರ. ಸಭೆ ನಡೆಯುತ್ತಿರುವಾಗಲೇ ನಾನು ಕೋಲಿನಿಂದ ಮಣ್ಣಿನ ಮೇಲೆ ನಿನ್ನೆಯ ಲೆಕ್ಕ ಮಾಡುತ್ತಿದ್ದೆ. ಒಂದು ಗುಡ್ಡದ ಇಳಿಜಾರು ಪ್ರತಿ ಹೆಜ್ಜೆಯಲ್ಲೂ ಎಷ್ಟೆಂದು ಹೇಳಬಹುದು ಎನ್ನುವುದು ಮೊನ್ನೆಯಷ್ಟೇ ಹೊಳೆದಿತ್ತು. ಅಂದಿನಿಂದ ಬಸ್ಸಿನಲ್ಲಿ ಕೂತರೆ ಗುಡ್ಡಗಳು ಬೇರೆಯೇ ಆಗಿ ಕಾಣುತ್ತಿವೆ. ಸಾದಾ ತರಗತಿಯಲ್ಲಿ ಗುಡ್ಡ ಬರೀ ಗುಡ್ಡ.

ಆಪೆಲು ಕೇಳಿದ: "ಏನೇ ಗೀಚ್ತಿದೀಯ? ಸಹಿ ಹಾಕ್ತೀಯಾ?"

"ನೋಡೋಣ," ಅಂದೆ.

ಡಿಸೆಂಬರ್ ೬

ಅಜ್ಜಿ ಚಾಪೆ ಹೆಣೆಯಲು ಕೇದಿಗೆ ಗರಿ ಸೀಳುತ್ತಿದ್ದಳು. ಪಕ್ಕದಲ್ಲಿ ಕೂತು ಸುತ್ತಿಬಳಸಿ ಕೇಳಿದೆ. "ಅಜ್ಜಿ, ದೊಡ್ಡವರು ತಪ್ಪು ಮಾಡಿದ್ರೆ ಚಿಕ್ಕವರು ಹೇಳೋದು ಹೇಗೆ?"

"ಹೇಳಬಾರದು."

"ಹೇಳದೇ ಇದ್ರೆ ಅವರಿಗೇ ಕೇಡಾಗೋ ಹಾಗಿದ್ರೆ?"

ಅವಳು ಗರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಯೋಚಿಸಿದಳು. "ಹಾಗಿದ್ರೆ ಮೊದಲು ತಲೆ ತಗ್ಗಿಸು, ಆಮೇಲೆ ಬಾಯಿ ತೆಗಿ. ತಲೆ ಎಷ್ಟು ತಗ್ಗುತ್ತೋ ಅಷ್ಟು ದೊಡ್ಡ ಮಾತು ಹೇಳಬಹುದು."

ಹೇಳಬೇಕಾದದ್ದು ಬಹಳ ದೊಡ್ಡ ಮಾತು. ತಲೆ ಎಷ್ಟು ತಗ್ಗಿಸಬೇಕು?

ಡಿಸೆಂಬರ್ ೭

ನಾನು ಇವತ್ತು ಮಾಡಿದ್ದನ್ನು ನೆನೆದರೆ ಇನ್ನೂ ಭಯವಾಗುತ್ತಿದೆ. ಸ್ವಲ್ಪ ನಗುವೂ ಬರುತ್ತಿದೆ.

ಕೊಲೆಯಂಥ ಘೋರ ತಪ್ಪು ಆದಾಗ ನಮ್ಮಲ್ಲಿ ಒಂದು ಪದ್ಧತಿ. ತಪ್ಪು ಮಾಡಿದ ಮನೆಯ ಯಜಮಾನ ಬೆಳಕು ಹರಿಯುವ ಹೊತ್ತಿಗೆ ನೊಂದವರ ಅಂಗಳಕ್ಕೆ ಹೋಗಿ, ಮನೆಯಲ್ಲಿರುವುದರಲ್ಲೆಲ್ಲ ಬೆಲೆಬಾಳುವ ನಯವಾದ ಚಾಪೆಯನ್ನು ತಲೆ ಮೇಲೆ ಹೊದ್ದು, ಮಾತಿಲ್ಲದೆ ಕೂರುತ್ತಾನೆ. ಮನೆಯವರು ಬಂದು ಚಾಪೆ ತೆಗೆದರೆ ಕ್ಷಮಿಸಿದಂತೆ. ಇದಕ್ಕಿಂತ ತಗ್ಗಿದ ತಲೆ ನನಗೆ ತಿಳಿದಿಲ್ಲ. ಹಾಗಾಗಿ ಅಜ್ಜಿಯ ಹಾಸಿಗೆಯ ಕೆಳಗಿನಿಂದ ಅವಳು ಎರಡು ವರ್ಷ ಕೂತು ಹೆಣೆದ, ಕೆಂಪು ಹಕ್ಕಿಗರಿಯ ಅಂಚಿನ ಚಾಪೆಯನ್ನು ಮೆಲ್ಲಗೆ ಎಳೆದುಕೊಂಡೆ. ಮೊದಲ ಬಸ್ಸು ಹಿಡಿದು ಮೇಷ್ಟ್ರ ಊರಿಗೆ ಹೋಗಿ, ಅವರ ಅಂಗಳದಲ್ಲಿ ಹೊದ್ದು ಕೂತೆ.

ಮೊದಲು ನೋಡಿದ್ದು ಮೇಷ್ಟ್ರ ಹೆಂಡತಿ. "ಅಯ್ಯಯ್ಯೋ! ಏಳ್ರೀ! ಯಾರೋ ನಮ್ಮವರನ್ನ ಯಾರನ್ನೋ ಕೊಂದಿದಾರೆ!"

ಅಕ್ಕಪಕ್ಕದವರು ಓಡಿಬಂದರು. ಚಾಪೆಯ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಕೊನೆಗೆ ಮೇಷ್ಟ್ರ ಕಾಲು ಬಂದವು, ಒಂದಕ್ಕೆ ಮಾತ್ರ ಚಪ್ಪಲಿ.

"ಯಾರಿದು?"

"ಸಿನಿವಾ, ಮೇಷ್ಟ್ರೇ."

"ಸಿನಿವಾ! ಯಾರನ್ನ ಕೊಂದೆಯೇ ಮಗಳೇ?"

"ಇನ್ನೂ ಯಾರನ್ನೂ ಇಲ್ಲ. ಈಗ ಒಂದು ಮಾತು ಹೇಳೋದಿದೆ. ಅದಕ್ಕೆ ಮುಂಚಿತವಾಗಿ ಕ್ಷಮೆ ಕೇಳೋಕೆ ಬಂದೆ."

ಚಪ್ಪಲಿಯಿಲ್ಲದ ಕಾಲು ಇನ್ನೊಂದನ್ನು ಕೆರೆಯಿತು. ಆಮೇಲೆ ಮೇಷ್ಟ್ರು ಅಂದರು: "ಮಾತು ಕೇಳಿ ಚಾಪೆ ತೆಗೀಬೇಕೋ, ಚಾಪೆ ತೆಗೆದು ಮಾತು ಕೇಳಬೇಕೋ? ಮೂವತ್ತು ವರ್ಷದಿಂದ ಮುಖಂಡ ಆಗಿದೀನಿ, ಇಂಥದ್ದೊಂದು ಬಂದಿರಲಿಲ್ಲ." ಮತ್ತೆ ತಾವೇ ಬಗ್ಗಿ ಚಾಪೆ ತೆಗೆದರು. ನೆರೆಯವರನ್ನೆಲ್ಲ ಕಣ್ಣಿನಲ್ಲೇ ಕಳಿಸಿ, ಹೊಸ್ತಿಲ ಮೇಲೆ ಕೂತು, "ಹೇಳು," ಅಂದರು.

ಹೇಳಿದೆ. ಪಟದ ಗೀಟು, ಭರತದ ಲೆಕ್ಕ, ಮಾವಿನ ಮರದ ಸಭೆ, ಎಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಸೆಪ್ಟೆಂಬರಿಂದ."

"ಉಳಿದವರಿಗೆ?"

"ಎಲ್ಲರಿಗೂ."

ಅವರು ಚಾಪೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು. "ಮೂರು ತಿಂಗಳು ನನ್ನ ಮರ್ಯಾದೆ ಹೊತ್ಕೊಂಡು ತಿರುಗಿದ್ರಾ, ಹನ್ನೆರಡು ಜನ? ಅದಕ್ಕೋಸ್ಕರ ಕಳ್ಳರು ಅನ್ನಿಸಿಕೊಳ್ಳೋಕೂ ತಯಾರಾದ್ರಾ?" ಎಂದರು. ಕೋಪವೋ ಅಲ್ಲವೋ ತಿಳಿಯಲಿಲ್ಲ. ಆಮೇಲೆ ಹೆಂಡತಿಯನ್ನು ಕೂಗಿದರು: "ಈ ಹುಡುಗಿಗೆ ಬಿಸಿ ಕೋಕೋ ಕೊಡೇ. ಮಂಜಿಗೆ ನೆನೆದಿದಾಳೆ."

ಮನೆಗೆ ಬಂದರೆ ಅಜ್ಜಿ ಪೊರಕೆ ಹಿಡಿದು ಕಾಯುತ್ತಿದ್ದಳು. "ತಲೆ ತಗ್ಗಿಸು ಅಂದ್ರೆ ನನ್ನ ಚಾಪೇನ ಮಂಜಲ್ಲಿ ನೆನೆಸು ಅಂದ್ನಾ?" ಎರಡು ಏಟು ಬಿತ್ತು. ನೋವಾಗಲಿಲ್ಲ.

ಡಿಸೆಂಬರ್ ೧೦

ಮೇಷ್ಟ್ರು ಸಭೆಗೆ ಹೋಗುವವರ ಹಾಗೆ ಕೋಲು ಹಿಡಿದು, ಶುಭ್ರ ಪಂಚೆ ಉಟ್ಟು ಬಂದಿದ್ದರು. ಪ್ರಿನ್ಸಿಪಾಲರನ್ನು ತರಗತಿಗೇ ಕರೆಸಿ, ಪಟದ ಮುಂದೆ ನಿಂತರು.

"ಈ ಮಕ್ಕಳು ಒಬ್ಬರನ್ನೊಬ್ಬರು ನೋಡಿ ಬರೆದಿಲ್ಲ. ನನ್ನನ್ನ ನೋಡಿ ಬರೆದಿದಾರೆ. ತಪ್ಪು ಇಲ್ಲಿದೆ." ಕೋಲಿನ ತುದಿಯಿಂದ ಮುಟ್ಟಿ ತೋರಿಸಿದರು. ಕೆಂಪು ಬಣ್ಣದಲ್ಲಿ ಕುಂಚ ಅದ್ದಿ, ಒಂದು ಗೇಣುದ್ದದ ಮೈನಸ್ ಎಳೆದರು. ಆಮೆಯ ಚಿತ್ರದ ಮೇಲೂ ಸ್ವಲ್ಪ ಹರಿಯಿತು.

ಪ್ರಿನ್ಸಿಪಾಲರು ನಮ್ಮ ಉತ್ತರಗಳನ್ನು ಮತ್ತೆ ನೋಡಿ, ಆ ಗೀಟು ಬಿಟ್ಟರೆ ಬೇರೆಲ್ಲ ಒಬ್ಬೊಬ್ಬರದು ಒಂದೊಂದು ಥರ ಇದೆ ಎಂದು ಒಪ್ಪಿದರು. ಹೊನೊಲುಲುವಿಗೆ ಕಾಗದ ಬರೆಯುತ್ತಾರಂತೆ. ಆದರೂ ಅವರಿಗೆ ಭಯ. ಜನವರಿಯಲ್ಲಿ ಹೊಸದಾಗಿ ಸಹಿ ಮಾಡಬೇಕು, ಹನ್ನೆರಡಕ್ಕೆ ಒಂದು ಕಡಿಮೆಯಾದರೂ ತರಗತಿ ಇಲ್ಲ ಎಂದರು.

ಅವರು ಹೋದ ಮೇಲೆ ಮೇಷ್ಟ್ರು ಬಾಗಿಲು ಮುಚ್ಚಿದರು. "ಇವತ್ತಿಂದ ದಿನಾ ಬೋರ್ಡಿನ ಮೇಲೆ ಬೇಕಂತಲೇ ಮೂರು ತಪ್ಪು ಬರೀತೀನಿ. ಹಿಡೀದೇ ಇದ್ರೆ ಹನ್ನೆರಡೂ ಜನ ಕಸ ಗುಡಿಸ್ಬೇಕು. ಹುಬ್ಬು ಏರಿಸಿದೋರು ಎರಡು ಸಲ ಗುಡಿಸ್ಬೇಕು."

ಜನವರಿ ೧೪

ಪಟ್ಟಿ ಬಂತು. ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತರು, ಯಾರ ಮುಖವನ್ನೂ ನೋಡಲಿಲ್ಲ. ಮನೆಯಲ್ಲಿ ಮಾವ "ಬಿಟ್ಟುಬಿಡು, ಇನ್ನೂ ಹೊತ್ತಾಗಿಲ್ಲ" ಎಂದು ಮೂರು ದಿನದಿಂದ ಹೇಳುತ್ತಿದ್ದಾನೆ. ಸಾದಾ ತರಗತಿಯವಳಾದರೆ ಈಗಲೂ ನಾನೇ ಮೊದಲು.

ಹೋಗಿ ಸಹಿ ಹಾಕಿದೆ. ಮೇಲಿನ ಗೆರೆ ಖಾಲಿಯಿತ್ತು, ಅಲ್ಲೇ ಹಾಕಿದೆ. ಆಪೆಲು "ಜರುಗೇ" ಎಂದು ಪೆನ್ನು ಕಿತ್ತುಕೊಂಡ. ಗಂಟೆ ಹೊಡೆಯುವುದರೊಳಗೆ ಹನ್ನೆರಡೂ ತುಂಬಿತು.

ಫೆಬ್ರವರಿ ೨೧

ನಮ್ಮ ತರಗತಿಯ ಗದ್ದಲಕ್ಕೆ ಪಕ್ಕದ ಕೋಣೆಯವರು ದೂರು ಕೊಟ್ಟಿದ್ದಾರೆ. ಇವತ್ತು ಮೂರು ತಪ್ಪುಗಳ ಜೊತೆ ನಾಲ್ಕನೆಯದನ್ನೂ ಹಿಡಿದೆ. "ಅದು ಬೇಕಂತ ಬರೆದದ್ದಲ್ಲ," ಅಂದರು ಮೇಷ್ಟ್ರು. "ಹಾಗಾದ್ರೆ ಇವತ್ತು ನೀವು ಕಸ ಗುಡಿಸ್ಬೇಕು," ಅಂದೆ. ಗುಡಿಸಿದರು!

ಮಾರ್ಚ್ ೩೦

ಚರ್ಚಿನ ಚಾವಣಿಗೆ ತಗಡು ಹೊದಿಸುವ ಕೆಲಸ. ಮಾವ ನೆಲದ ಅಳತೆ ಹಿಡಿದು ಇಷ್ಟು ತಗಡು ಸಾಕು ಎಂದ. ಚಾವಣಿ ಇಳಿಜಾರಿದೆ, ಇನ್ನೂ ಹದಿನಾಲ್ಕು ಬೇಕು ಎಂದೆ. ಪಾದ್ರಿಗಳು ಕೆಮ್ಮಿದರು. ಹದಿನಾಲ್ಕೇ ಬೇಕಾಯಿತು. ಊಟಕ್ಕೆ ತಡವಾದ್ದರಿಂದ ಸಿಟ್ಟು ಬಂದಿತ್ತು, ಅದಕ್ಕೇ ಬೇಗ ಬೇಗ ಹೇಳಿಬಿಟ್ಟೆ.

ಮೇ ೧೪

ಪರೀಕ್ಷೆ ಮುಗಿಯಿತು. ಕೈ ಬೆರಳು ಮಡಚಲು ಬರುತ್ತಿಲ್ಲ. ಒಂದು ಪ್ರಶ್ನೆ ಬಿಟ್ಟೆ, ಒಂದು ಅರ್ಧ ಮಾಡಿದೆ, ಉಳಿದವನ್ನು ಕುತ್ತಿಗೆ ಹಿಡಿದು ಕೆಡವಿದೆ.

ಜೂನ್ ೭

ಬಹುಮಾನದ ದಿನ. ಮೊದಲ ಹೆಸರು ಸಾದಾ ತರಗತಿಯವಳದು. ನನ್ನದು ಏಳನೆಯದು. ಮಾವ ಎಲ್ಲರೆದುರು ನನ್ನ ಕೊರಳಿಗೆ ಹೂಮಾಲೆ ಹಾಕಿದ. ಮನೆಗೆ ಬಂದು ಊಟ ಮಾಡದೆ ಮಲಗಿದ. ನಾಳೆಯಿಂದ ಅಮ್ಮನ ಜೊತೆ ಕಾರ್ಖಾನೆಗೆ ಹೋಗು, ಫಲಿತಾಂಶ ಬರುವ ತನಕ ಎಂದಿದ್ದಾನೆ. ಅದಾದ ಮೇಲೆ ಏನು ಎಂದು ಹೇಳಲಿಲ್ಲ.

ಜುಲೈ ೫

ನಾಲ್ಕು!

ಮಧ್ಯಾಹ್ನ ಕಾರ್ಖಾನೆಯ ಬಾಗಿಲಲ್ಲಿ ಆಪೆಲು ಬೊಬ್ಬೆ ಹೊಡೆಯುತ್ತ ನಿಂತಿದ್ದ. "ಮೂರು ಕಣೇ! ನನಗೆ ಮೂರು! ನಮ್ಮಪ್ಪ ನನ್ನನ್ನ ಎತ್ಕೊಳ್ಳೋಕೆ ಹೋಗಿ ಸೊಂಟ ಉಳುಕಿಸ್ಕೊಂಡ!" ಅವನ ಫೋನಿನಲ್ಲೇ ನನ್ನದನ್ನೂ ನೋಡಿದೆ. ಹನ್ನೆರಡರಲ್ಲಿ ಹತ್ತು ಜನ ಪಾಸು. ಉಳಿದಿಬ್ಬರಿಗೆ ಎರಡೆರಡು, ಅವರನ್ನೂ ಎಳೆದುಕೊಂಡು ಮೇಷ್ಟ್ರ ಮನೆಗೆ ಹೋದೆವು. ಮೇಷ್ಟ್ರು ಕೋಲು ತಂದು ಅಂಗಳದ ನಡುವೆ ನಿಂತು, ಊರಿಗೆ ಊರೇ ಕೇಳುವಂತೆ ಹನ್ನೆರಡೂ ಹೆಸರನ್ನು, ನಮ್ಮ ಮನೆತನ, ನಮ್ಮ ಊರು ಸಮೇತ, ಸಭೆಯಲ್ಲಿ ಮುಖಂಡರ ಹೆಸರು ಕೂಗುವ ರಾಗದಲ್ಲಿ ಕೂಗಿದರು. ಅವರ ಹೆಂಡತಿ ಕುಣಿದೇ ಕುಣಿದರು.

ಮನೆಯಲ್ಲಿ ಅಜ್ಜಿ ಕೇಳಿದಳು: "ಐದರಲ್ಲಿ ನಾಲ್ಕಾ? ಇನ್ನೊಂದು ಯಾರು ತಗೊಂಡ್ರು?"

"ನಾನೇ ಬಿಟ್ಟು ಬಂದೆ ಅಜ್ಜಿ. ಭಾರ ಆಯ್ತು."

ಮಾವ ಎದ್ದು ಹೊರಗೆ ಹೋದ. ಸಂಜೆಯ ತನಕ ಬರಲಿಲ್ಲ. ಹುಡುಕಿಕೊಂಡು ಹೋದರೆ ರಸ್ತೆಯ ನಡುವೆ ನಿಂತು ಹೋಗುವ ಬರುವ ಬಸ್ಸುಗಳನ್ನೆಲ್ಲ ಕೈ ಅಡ್ಡ ಹಾಕಿ ನಿಲ್ಲಿಸುತ್ತಿದ್ದ. "ನಮ್ಮ ಸಿನಿವಾ! ಕಾಲೇಜಿನ ಗಣಿತ! ನಾಲ್ಕು!" ಚಾಲಕನಿಗೆ ಹೇಳಿ, ಕಿಟಕಿ ಕಿಟಕಿಗೂ ಹೋಗಿ ಹೇಳಿ, ಆಮೇಲೆ ಬಸ್ಸು ಬಿಡುತ್ತಿದ್ದ. ಒಂದು ಬಸ್ಸಿಗೆ ಎರಡು ಸಲ ಹೇಳಿದನಂತೆ.

ಜುಲೈ ೭, ಭಾನುವಾರ

ಊಟವಾದ ಮೇಲೆ ಮನೆತನದ ಸಭೆ. ದೊಡ್ಡಮಾವ ಗಂಟಲು ಸರಿಮಾಡಿಕೊಂಡ.

"ಸಿನಿವಾ ಕಾಲೇಜಿಗೆ ಹೋಗ್ತಾಳೆ. ಅದು ಇತ್ಯರ್ಥ ಆಯ್ತು. ನರ್ಸಿಂಗ್ ಓದ್ತಾಳೆ. ಆಸ್ಪತ್ರೇಲಿ ನಮ್ಮವರು ಅಂತ ಒಬ್ಬರಿರ್ಬೇಕು."

"ಇಲ್ಲ ಮಾವ, ಗಣಿತ ಓದ್ತೀನಿ. ಮುಂದಿನ ವರ್ಷ ಆ ತರಗತಿಗೆ ಮೂವತ್ತೊಂದು ಜನ ಹೆಸರು ಕೊಟ್ಟಿದಾರೆ. ಮೇಷ್ಟ್ರಿಗೆ ವಯಸ್ಸಾಯ್ತು. ಅವರ ನಂತರ ಯಾರಾದ್ರೂ ಬೇಕಲ್ಲ?"

ಬೀಸಣಿಗೆಗಳೆಲ್ಲ ನಿಂತವು. ಮಾವ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ.

"ಓದಿ ಇಲ್ಲಿಗೇ ಬರ್ತೀಯಾ?"

"ಬರ್ತೀನಿ."

"ಏನು ಖಾತ್ರಿ?"

"ನಾನು ಹೇಳ್ತಿದೀನಲ್ಲ ಮಾವ, ಸಾಲ್ದಾ?"

ಅವನು ಹೊಟ್ಟೆ ಕುಲುಕಿಸಿ ನಕ್ಕ. "ಸಾಕು, ಸಾಕು. ಗಣಿತವೇ ಆಗ್ಲಿ," ಎಂದ. ಆಮೇಲೆ ಮುಂದಿನ ಮಾತು ಬಂತು, ಹಂದಿಗೂಡನ್ನು ಹೊಳೆಯ ಆಚೆ ದಡಕ್ಕೆ ಒಯ್ಯುವುದೋ ಬೇಡವೋ ಎಂದು. ಒಬ್ಬೊಬ್ಬರೂ ಒಂದೊಂದು ಹೇಳಿದರು. "ಸಿನಿವಾ, ನೀನೇನಂತೀಯ?" ಎಂದ ಮಾವ. ಆಚೆ ದಡ ತಗ್ಗು, ನೀರು ನಿಲ್ಲುತ್ತದೆ, ಬೇಡ ಎಂದೆ.

ಯಾಕೋ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೆನ್ನೆಗೆ ತೆಂಗಿನಹಾಲು ಅಂಟಿದೆಯೇನೋ ಎಂದು ಒರೆಸಿಕೊಂಡೆ. ಏನೂ ಇರಲಿಲ್ಲ.